ಕಲರಿಮೀಟರ್ ಬಳಸುವುದು ಹೇಗೆ? ಮೈಲುತುತ್ತದಿಂದ ಶುರುಮಾಡಿ

"ಸರ್, ದ್ರಾವಣ ನೀಲಿ, ಫಿಲ್ಟರ್ ಕೂಡ ನೀಲಿಯದೇ ಹಾಕಿದ್ದೇನೆ. ಐದೂ ಟ್ಯೂಬಿಗೆ ಹೆಚ್ಚುಕಮ್ಮಿ ಒಂದೇ ರೀಡಿಂಗ್ ಬರುತ್ತಿದೆ. ಮೀಟರ್ ಕೆಟ್ಟಿದೆಯಾ?"

ಸೆಮಿಸ್ಟರ್ ಶುರುವಾದರೆ ಸಾಕು, ಈ ಪ್ರಶ್ನೆ ಯಾವುದಾದರೂ ಒಂದು ರೂಪದಲ್ಲಿ ಬಂದೇ ಬರುತ್ತದೆ. ಇಂಜಿನಿಯರಿಂಗ್ ಮೊದಲ ವರ್ಷದವರು ಕೇಳುತ್ತಾರೆ, ಬಿ.ಎಸ್ಸಿ.ಯವರು ಕೇಳುತ್ತಾರೆ, ಊರಿನ ಬೋರ್‌ವೆಲ್ ನೀರು ಪರೀಕ್ಷಿಸಲು ಹೊರಟ ಶಾಲಾ ಮೇಷ್ಟ್ರುಗಳೂ ಕೇಳುತ್ತಾರೆ. ಮೀಟರ್ ಕೆಟ್ಟಿರುವುದು ಅಪರೂಪ. ಹತ್ತಕ್ಕೆ ಒಂಬತ್ತು ಸಲ ತಪ್ಪು ನಡೆದಿರುವುದು ಟ್ಯೂಬನ್ನು ಮೀಟರಿನೊಳಗೆ ಇಳಿಸುವ ಮೊದಲೇ. ಹಾಗಾಗಿ ಗುಂಡಿ ಒತ್ತುವುದಕ್ಕಿಂತ ಅದರ ಹಿಂದಿನ ಕೆಲಸದ ಬಗ್ಗೆಯೇ ಇಲ್ಲಿ ಹೆಚ್ಚು ಬರೆದಿದ್ದೇನೆ. ಉದಾಹರಣೆಗೆ ತಾಮ್ರದ ಅಂದಾಜನ್ನು, ಅಂದರೆ ದ್ರಾವಣದಲ್ಲಿ ತಾಮ್ರ ಎಷ್ಟಿದೆ ಎಂದು ಬಣ್ಣದ ಗಾಢತೆಯಿಂದ ಕಂಡುಹಿಡಿಯುವುದನ್ನು, ತೆಗೆದುಕೊಂಡಿದ್ದೇನೆ. ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಬಹುತೇಕ ಎಲ್ಲರೂ ಮಾಡುವ ಪ್ರಯೋಗ ಅದು. ಬೇಕಾಗುವ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಅಡಿಕೆ ತೋಟ ಇರುವವರ ಮನೆಯಲ್ಲಿ ಬೋರ್ಡೊ ದ್ರಾವಣಕ್ಕೆಂದು ತಂದಿಟ್ಟದ್ದೇ ಇರುತ್ತದೆ. (ಪ್ರಯೋಗಕ್ಕೆ ಮಾತ್ರ ಲ್ಯಾಬ್ ದರ್ಜೆಯದ್ದೇ ಬೇಕು. ಕಾರಣ ಮುಂದೆ ಬರುತ್ತದೆ.)

ಡಬ್ಬಿಯೊಳಗೆ ಏನಿದೆ

ಕಲರಿಮೀಟರ್ ಬಣ್ಣವನ್ನು ನೋಡುವುದಿಲ್ಲ, ಬೆಳಕನ್ನು ಅಳೆಯುತ್ತದೆ. ಒಳಗೆ ಒಂದು ದೀಪ, ಅದರ ಮುಂದೆ ಒಂದು ಬಣ್ಣದ ಫಿಲ್ಟರ್, ಆಮೇಲೆ ದ್ರಾವಣ ತುಂಬಿದ ಟ್ಯೂಬ್, ಆಚೆ ಬದಿಯಲ್ಲಿ ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಸೆಲ್. ಇಷ್ಟೇ. ಸ್ಪೆಕ್ಟ್ರೋಫೋಟೋಮೀಟರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಬೆಳಕನ್ನು ಆರಿಸುವ ರೀತಿಯಲ್ಲಿದೆ. ಅದರಲ್ಲಿ ಪ್ರಿಸಂ ಅಥವಾ ಗ್ರೇಟಿಂಗ್‌ನಿಂದ ಬೇಕಾದ ತರಂಗಾಂತರವನ್ನು ತೀರ ಸಣ್ಣದಾಗಿ ಆರಿಸಿಕೊಳ್ಳಬಹುದು. ಇದರಲ್ಲಿ ಫಿಲ್ಟರ್ ಬಿಟ್ಟಷ್ಟು ಅಗಲದ ಪಟ್ಟಿ ಬರುತ್ತದೆ. 620 ಎಂದು ಬರೆದ ಫಿಲ್ಟರ್ 620 ನ್ಯಾನೋಮೀಟರನ್ನು ಮಾತ್ರ ಬಿಡುತ್ತದೆ ಎಂದುಕೊಳ್ಳಬೇಡಿ, ಅದರ ಆಚೀಚೆಯದ್ದೂ ನುಗ್ಗುತ್ತದೆ.

ಮೂರು ಪದಗಳ ಪರಿಚಯ ಇರಲಿ.

ಟ್ರಾನ್ಸ್‌ಮಿಟೆನ್ಸ್: ಒಳಹೊಕ್ಕ ಬೆಳಕಿನಲ್ಲಿ ಶೇಕಡಾ ಎಷ್ಟು ಆಚೆ ಬಂತು ಎಂಬುದು.

ಅಬ್ಸಾರ್ಬೆನ್ಸ್: ದ್ರಾವಣ ಎಷ್ಟು ಬೆಳಕನ್ನು ನುಂಗಿತು ಎಂಬುದರ ಲಾಗರಿದಮ್ ಅಳತೆ. ಹಳೆಯ ಮೀಟರ್‌ಗಳ ಮೇಲೆ 'ಒ.ಡಿ.' ಎಂದು ಇರುತ್ತದೆ. ಆಪ್ಟಿಕಲ್ ಡೆನ್ಸಿಟಿ ಅಂದರೂ ಇದೇ. ಲೆಕ್ಕ ಸುಲಭ: 2ರಿಂದ ಶೇಕಡಾ ಟ್ರಾನ್ಸ್‌ಮಿಟೆನ್ಸ್‌ನ ಲಾಗ್ ಕಳೆಯಿರಿ. ಬೆಳಕು ಪೂರ್ತಿ ಬಂದರೆ 0, ಅರ್ಧ ಬಂದರೆ 0.301, ಹತ್ತರಲ್ಲೊಂದು ಪಾಲು ಬಂದರೆ 1, ನೂರರಲ್ಲೊಂದು ಬಂದರೆ 2.

ಸಾರತೆ: ಇಷ್ಟು ದ್ರಾವಣದಲ್ಲಿ ವಸ್ತು ಎಷ್ಟು ಕರಗಿದೆ ಎಂಬುದು.

ಅಬ್ಸಾರ್ಬೆನ್ಸ್ ಸಾರತೆಯ ಜೊತೆಗೆ ಸಮಪ್ರಮಾಣದಲ್ಲಿ ಏರುತ್ತದೆ, ಬೆಳಕು ಹಾಯುವ ದಾರಿಯ ಉದ್ದದ ಜೊತೆಗೂ ಏರುತ್ತದೆ. ಇದಕ್ಕೆ ಬಿಯರ್-ಲ್ಯಾಂಬರ್ಟ್ ನಿಯಮ ಎಂದು ಹೆಸರು. ದಾರಿಯ ಉದ್ದದ ವಿಚಾರವನ್ನು ಮೊದಲು ಗಮನಿಸಿದವರು ಇವರಿಬ್ಬರೂ ಅಲ್ಲ, ಫ್ರಾನ್ಸಿನ ಪಿಯರ್ ಬೂಗೆ, 1729ರಲ್ಲಿ. ಲ್ಯಾಂಬರ್ಟ್ 1760ರಲ್ಲಿ ಅದನ್ನು ಗಣಿತಕ್ಕಿಳಿಸಿದ, ಬಿಯರ್ 1852ರಲ್ಲಿ ಸಾರತೆಯನ್ನು ಸೇರಿಸಿದ. ವೈವಾದಲ್ಲಿ ಬೂಗೆಯ ಹೆಸರು ಹೇಳಿ ನೋಡಿ, ಪರೀಕ್ಷಕರು ತಲೆ ಎತ್ತುತ್ತಾರೆ.

ಏನೇನು ಬೇಕು

ಕಲರಿಮೀಟರ್, ಅದರ ಜೊತೆಗೆ ಬಂದ ಕ್ಯುವೆಟ್‌ಗಳು (ಬೆಳಕು ಹಾಯಲೆಂದೇ ಮಾಡಿದ ಟ್ಯೂಬ್, ಚೌಕದ್ದಾದರೆ ಸಾಮಾನ್ಯವಾಗಿ ಒಳಗಿನ ಅಗಲ 1 ಸೆಂ.ಮೀ.), 250 ಮಿ.ಲೀ.ಯ ಒಂದು ಹಾಗೂ 50 ಮಿ.ಲೀ.ಯ ಏಳು ಸ್ಟ್ಯಾಂಡರ್ಡ್ ಫ್ಲಾಸ್ಕ್ (ಕತ್ತಿನ ಮೇಲೆ ಅಳತೆಯ ಗುರುತಿರುವುದು), ಬ್ಯುರೆಟ್ (ಅಳತೆಯ ಗೀಟುಗಳೂ ಕೆಳಗೆ ನಲ್ಲಿಯೂ ಇರುವ ಉದ್ದನೆಯ ಕೊಳವೆ), ಲ್ಯಾಬ್ ದರ್ಜೆಯ ಕಾಪರ್ ಸಲ್ಫೇಟ್, ಸಮಪಾಲು ನೀರು ಬೆರೆಸಿದ ಅಮೋನಿಯಾ, ಸ್ವಲ್ಪ ದುರ್ಬಲ ಗಂಧಕಾಮ್ಲ, ಡಿಸ್ಟಿಲ್ಡ್ ವಾಟರ್. ಒರೆಸಲು ಟಿಶ್ಯೂ. ಸಿಗದಿದ್ದರೆ ಒಗೆದೊಗೆದು ಮೆತ್ತಗಾದ ಹಳೆಯ ಬಿಳಿ ಪಂಚೆಯ ತುಂಡು ಸಾಕು, ಹೊಸ ಬಟ್ಟೆ ಎಳೆ ಬಿಡುತ್ತದೆ.

ಅಮೋನಿಯಾ ಬಗ್ಗೆ ಎಚ್ಚರ. ಅಳೆಯಲು ಪಿಪೆಟ್ (ಅಳತೆಯ ಕೊಳವೆ) ಬಳಸಿದರೆ ಬಾಯಲ್ಲಿ ಎಳೆಯಬೇಡಿ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಬಾಟಲಿಯೊಳಗೆ ಒತ್ತಡ ಕಟ್ಟಿಕೊಂಡಿರುತ್ತದೆ. ಮೊದಲು ತಣ್ಣೀರಲ್ಲಿಟ್ಟು ತಂಪು ಮಾಡಿ, ಮುಖ ಆಚೆ ತಿರುಗಿಸಿ, ಫ್ಯೂಮ್ ಹುಡ್‌ನೊಳಗೆ ಅಥವಾ ಕಿಟಕಿಯ ಹತ್ತಿರ ಮುಚ್ಚಳ ತೆಗೆಯಿರಿ. ಕನ್ನಡಕ ಹಾಕಿರಬೇಕು.

1. ಸ್ಟಾಕ್ (ಮುಂದಿನದ್ದಕ್ಕೆಲ್ಲ ಬಳಸುವ ಮೂಲ) ದ್ರಾವಣ ಮಾಡಿಕೊಳ್ಳಿ

ಕಾಪರ್ ಸಲ್ಫೇಟ್ ಹರಳಿನ ತೂಕವೆಲ್ಲ ತಾಮ್ರವಲ್ಲ. ಒಳಗೆ ಐದು ಅಣು ನೀರು ಕೂತಿದೆ, ಸಲ್ಫೇಟ್ ಇದೆ. ಹರಳಿನ ಅಣುತೂಕ 249.7, ಅದರಲ್ಲಿ ತಾಮ್ರ 63.5. ಅಂದರೆ ಒಂದು ಗ್ರಾಂ ತಾಮ್ರ ಬೇಕಾದರೆ 3.93 ಗ್ರಾಂ ಹರಳು ತೂಗಬೇಕು. ನಮಗೆ 250 ಮಿ.ಲೀ.ಯಲ್ಲಿ ಅರ್ಧ ಗ್ರಾಂ ತಾಮ್ರ ಬೇಕು, ಹಾಗಾಗಿ 1.965 ಗ್ರಾಂ ತೂಗಿ. ಬೀಕರಿನಲ್ಲಿ ಕರಗಿಸಿ, ಕೆಲವು ಹನಿ ದುರ್ಬಲ ಗಂಧಕಾಮ್ಲ ಹಾಕಿ (ಇಲ್ಲದಿದ್ದರೆ ಕೆಲವೊಮ್ಮೆ ದ್ರಾವಣ ಮಬ್ಬಾಗುತ್ತದೆ), ಫ್ಲಾಸ್ಕಿಗೆ ಸುರಿದು ಗುರುತಿನವರೆಗೆ ನೀರು ತುಂಬಿ, ಬಿರಡೆ ಹಾಕಿ ಹತ್ತಿಪ್ಪತ್ತು ಸಲ ತಲೆಕೆಳಗು ಮಾಡಿ. ಈಗ ಪ್ರತಿ ಮಿ.ಲೀ.ಯಲ್ಲಿ 2 ಮಿ.ಗ್ರಾಂ. ತಾಮ್ರ.

ಹರಳು ಬಿಳಿಚಿಕೊಂಡು ಪುಡಿಯಾಗಿದ್ದರೆ ನೀರು ಕಳೆದುಕೊಂಡಿದೆ ಎಂದರ್ಥ. ಅದನ್ನು ತೂಗಿದರೆ ಲೆಕ್ಕಕ್ಕಿಂತ ಹೆಚ್ಚು ತಾಮ್ರ ಬಂದಿರುತ್ತದೆ. ಗಾಢ ನೀಲಿಯ ಹರಳನ್ನೇ ಆರಿಸಿ.

2. ಏಳು ಫ್ಲಾಸ್ಕ್ ಸಾಲಾಗಿಡಿ

ಬ್ಯುರೆಟ್ಟಿನಿಂದ ಐದು ಫ್ಲಾಸ್ಕಿಗೆ ಕ್ರಮವಾಗಿ 5, 10, 15, 20, 25 ಮಿ.ಲೀ. ಸ್ಟಾಕ್ ಬಿಡಿ. ಅಲ್ಲಿಗೆ 10ರಿಂದ 50 ಮಿ.ಗ್ರಾಂ.ವರೆಗೆ ತಾಮ್ರದ ಐದು ಮೆಟ್ಟಿಲು ಸಿಕ್ಕವು. ಇವೇ ನಿಮ್ಮ ಸ್ಟ್ಯಾಂಡರ್ಡ್‌ಗಳು, ಅಂದರೆ ತಾಮ್ರ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರಾವಣಗಳು. ಆರನೆಯದಕ್ಕೆ ಸಾರತೆ ಗೊತ್ತಿಲ್ಲದ ದ್ರಾವಣ. ಏಳನೆಯದು ಬ್ಲ್ಯಾಂಕ್, ಅದಕ್ಕೆ ತಾಮ್ರ ಹಾಕುವುದಿಲ್ಲ. ಏಳಕ್ಕೂ ತಲಾ 5 ಮಿ.ಲೀ. ಅಮೋನಿಯಾ ಹಾಕಿ, ಗುರುತಿನವರೆಗೆ ನೀರು ತುಂಬಿ, ಚೆನ್ನಾಗಿ ಬೆರೆಸಿ.

ಅಮೋನಿಯಾ ಯಾಕೆ? ಮೈಲುತುತ್ತದ ನೀರು ತಾನಾಗಿ ತಿಳಿನೀಲಿ. ಅದು ಜೋರಾಗಿ ಹೀರುವುದು ಸುಮಾರು 800 ನ್ಯಾನೋಮೀಟರ್ ಹತ್ತಿರ, ನಮ್ಮ ಫಿಲ್ಟರ್‌ಗಳು ಮುಗಿಯುವ ಜಾಗದ ಆಚೆಗೆ. ಅಮೋನಿಯಾ ಸೇರಿದಾಗ ತಾಮ್ರದ ಸುತ್ತ ನಾಲ್ಕು ಅಮೋನಿಯಾ ಅಣು ಕೂತು ಕಡುನೀಲಿ ಸಂಕೀರ್ಣವಾಗುತ್ತದೆ, ಹೀರುವ ಜಾಗ 600ರ ಆಸುಪಾಸಿಗೆ ಸರಿಯುತ್ತದೆ, ಬಣ್ಣವೂ ಹಲವು ಪಟ್ಟು ಗಟ್ಟಿಯಾಗುತ್ತದೆ.

ಇಲ್ಲಿ ಎಡವುವವರು ಬಹಳ. ಅಮೋನಿಯಾ ಮೊದಲ ಹನಿ ಬಿದ್ದಾಗ ತಿಳಿನೀಲಿ ಗಸಿ ಕಾಣಿಸಿಕೊಳ್ಳುತ್ತದೆ. ಅದು ಕಾಪರ್ ಹೈಡ್ರಾಕ್ಸೈಡ್. ಇನ್ನಷ್ಟು ಅಮೋನಿಯಾ ಬಿದ್ದರೆ ಗಸಿ ಕರಗಿ ಕಡುನೀಲಿ ತಿಳಿ ದ್ರಾವಣವಾಗುತ್ತದೆ. ಗಸಿ ಉಳಿದಿದ್ದರೆ ಮುಂದೆ ಹೋಗಬೇಡಿ. ಮಬ್ಬು ದ್ರಾವಣ ಬೆಳಕನ್ನು ಚದುರಿಸುತ್ತದೆ, ಚದುರಿದ್ದನ್ನೂ ಮೀಟರ್ 'ಹೀರಿಕೊಂಡದ್ದು' ಎಂದೇ ಲೆಕ್ಕ ಹಾಕುತ್ತದೆ. ಹಾಗೆಯೇ ಅಂಗಡಿಯ ಮೈಲುತುತ್ತದಲ್ಲಿ ಕಬ್ಬಿಣ ಬೆರೆತಿದ್ದರೆ ಅಮೋನಿಯಾಗೆ ಕಂದು ಗಸಿ ಬೀಳುತ್ತದೆ, ಅದು ಎಷ್ಟು ಅಮೋನಿಯಾ ಹಾಕಿದರೂ ಕರಗದು. ಲ್ಯಾಬ್ ದರ್ಜೆ ಬೇಕೆಂದದ್ದು ಇದಕ್ಕೇ. ನಿಕಲ್ ಇದ್ದರಂತೂ ಗಸಿಯೂ ಕಾಣದು: ಅದೂ ಅಮೋನಿಯಾ ಜೊತೆ ನೀಲಿಯಾಗಿ ತಾಮ್ರದ ವೇಷ ಹಾಕುತ್ತದೆ.

ಬ್ಲ್ಯಾಂಕ್ ಅಂದರೆ ಬರೀ ನೀರು ಎಂದುಕೊಂಡವರಿಗೆ ಒಂದು ಮಾತು. ಅಳೆಯಬೇಕಾದ ವಸ್ತು ಒಂದನ್ನು ಬಿಟ್ಟು ಮಿಕ್ಕೆಲ್ಲ ಇರುವ ದ್ರಾವಣ ಬ್ಲ್ಯಾಂಕ್. ತಾಮ್ರದ ಪ್ರಯೋಗದಲ್ಲಿ ಅಮೋನಿಯಾಗೆ ಬಣ್ಣವಿಲ್ಲ, ನೀರಿಟ್ಟರೂ ಹೆಚ್ಚು ವ್ಯತ್ಯಾಸ ಬಾರದಿರಬಹುದು. ಆದರೆ ನಾಳೆ ಬಣ್ಣದ ರೀಏಜೆಂಟ್ (ಪರೀಕ್ಷೆಗೆಂದು ಬೆರೆಸುವ ರಾಸಾಯನಿಕ) ಬಳಸುವ ಪರೀಕ್ಷೆಗೆ ಇದೇ ರೂಢಿಯಲ್ಲಿ ನೀರಿಟ್ಟರೆ ಫಲಿತಾಂಶವೆಲ್ಲ ಮೇಲೆ ಹೋಗಿ ಕೂರುತ್ತದೆ.

ಬಿರಡೆ ಹಾಕಿಡಿ, ಅಮೋನಿಯಾ ಹಾರಿಹೋಗುತ್ತದೆ. ಅರ್ಧ ಮುಕ್ಕಾಲು ಗಂಟೆಯೊಳಗೆ ಅಳೆದು ಮುಗಿಸಿ.

3. ಮೀಟರ್ ಬಿಸಿಯಾಗಲಿ

ಸ್ವಿಚ್ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಕರೆಂಟು ಹೋಗಿ ಬಂದರೆ ಮತ್ತೆ ಅಷ್ಟೇ ಹೊತ್ತು ಕಾದು, ಸೊನ್ನೆ ಮತ್ತೆ ಹೊಂದಿಸಿ. ನೇರ ಬಿಸಿಲು ಬೀಳುವ ಟೇಬಲ್ ಬೇಡ.

4. ಫಿಲ್ಟರ್ ಆರಿಸಿ

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ದ್ರಾವಣ ನೀಲಿಯಾಗಿ ಕಾಣುವುದೇಕೆ? ಬಿಳಿ ಬೆಳಕಿನಲ್ಲಿರುವ ಕಿತ್ತಳೆ-ಕೆಂಪು ಭಾಗವನ್ನು ಅದು ನುಂಗಿ, ನೀಲಿಯನ್ನು ಬಿಟ್ಟುಕೊಡುವುದರಿಂದ. ನೀವು ನೀಲಿ ಫಿಲ್ಟರ್ ಹಾಕಿದರೆ ದ್ರಾವಣಕ್ಕೆ ಬೇಡವಾದ ಬೆಳಕನ್ನೇ ಕೊಟ್ಟಂತಾಯಿತು. ಅದು ಅಷ್ಟನ್ನೂ ಆಚೆ ದಾಟಿಸುತ್ತದೆ, ತಾಮ್ರ 10 ಮಿ.ಗ್ರಾಂ. ಇದ್ದರೂ 50 ಇದ್ದರೂ ರೀಡಿಂಗ್ ಅಲುಗುವುದಿಲ್ಲ. ಅಳತೆಯಾಗಬೇಕಾದರೆ ಅದು ನುಂಗುವ ಬಣ್ಣವನ್ನೇ ಉಣಿಸಬೇಕು. ಹಾಗಾಗಿ ನೀಲಿಗೆ ಕಿತ್ತಳೆ-ಕೆಂಪು, ಅಂದರೆ 620ರ ಫಿಲ್ಟರ್. ಹಳದಿ ದ್ರಾವಣಕ್ಕೆ ನೇರಳೆ-ನೀಲಿ, 420ರ ಸುತ್ತ. ಪರ್ಮಾಂಗನೇಟಿನಂಥ ನೇರಳೆಗೆಂಪಿಗೆ ಹಸಿರು, 520-530.

ಪುಸ್ತಕದಲ್ಲಿ 620 ಎಂದು ಬರೆದಿದೆ ಎಂದು ಸುಮ್ಮನಾಗದೆ, ಒಮ್ಮೆಯಾದರೂ ನೀವೇ ಹುಡುಕಿ. ಮಧ್ಯದ ಸ್ಟ್ಯಾಂಡರ್ಡ್ (30 ಮಿ.ಗ್ರಾಂ.ನದ್ದು) ತೆಗೆದುಕೊಂಡು ಒಂದೊಂದೇ ಫಿಲ್ಟರಿನಲ್ಲಿ ಅಳೆಯಿರಿ. ಯಾವುದರಲ್ಲಿ ಅಬ್ಸಾರ್ಬೆನ್ಸ್ ಅತಿ ಹೆಚ್ಚೋ ಅದೇ ನಿಮ್ಮ ಫಿಲ್ಟರ್. ಒಂದೇ ಷರತ್ತು: ಫಿಲ್ಟರ್ ತಿರುಗಿಸಿದಾಗಲೆಲ್ಲ ಬ್ಲ್ಯಾಂಕ್ ಇಟ್ಟು ಸೊನ್ನೆ ಮಾಡಬೇಕು. ದೀಪ ಎಲ್ಲ ಬಣ್ಣವನ್ನೂ ಒಂದೇ ಪ್ರಮಾಣದಲ್ಲಿ ಕೊಡುವುದಿಲ್ಲ, ಫೋಟೋಸೆಲ್ಲೂ ಎಲ್ಲವನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ.

5. ಕ್ಯುವೆಟ್ ಹಿಡಿಯುವ ಕ್ರಮ

ಬೆಳಕು ಹಾಯುವ ಮೈಯನ್ನು ಮುಟ್ಟಬೇಡಿ. ಚೌಕ ಕ್ಯುವೆಟ್‌ಗೆ ಎರಡು ಬದಿ ಮಬ್ಬಾಗಿರುತ್ತವೆ, ಅಲ್ಲಿ ಹಿಡಿಯಿರಿ. ಬೆರಳಿನ ಜಿಡ್ಡು ಕೂಡ ಬೆಳಕನ್ನು ತಡೆಯುತ್ತದೆ. ಮುಕ್ಕಾಲು ಭಾಗ ತುಂಬಿದರೆ ಸಾಕು. ತುಂಬುವ ಮೊದಲು ಅದೇ ದ್ರಾವಣದಿಂದ ಎರಡು ಸಲ ತೊಳೆಯಿರಿ. ಹೊರಗೆ ಒರೆಸಿ, ಬೆಳಕಿಗೆ ಹಿಡಿದು ಗುಳ್ಳೆ ಅಂಟಿದೆಯೇ ನೋಡಿ. ಅಂಟಿದ್ದರೆ ಮೆಲ್ಲಗೆ ತಟ್ಟಿ.

ದುಂಡನೆಯ ಟ್ಯೂಬ್ ಬರುವ ಮೀಟರ್ ಆದರೆ ಟ್ಯೂಬಿನ ಮೇಲೆ ಒಂದು ಗೀಟು ಇರುತ್ತದೆ. ಪ್ರತಿ ಸಲ ಆ ಗೀಟು ಒಂದೇ ಕಡೆ ಮುಖ ಮಾಡಿರಬೇಕು. ಗಾಜಿನ ದಪ್ಪ ಸುತ್ತಲೂ ಒಂದೇ ಸಮ ಇರುವುದಿಲ್ಲ. ಬ್ಲ್ಯಾಂಕಿಗೂ ದ್ರಾವಣಕ್ಕೂ ಒಂದೇ ಕ್ಯುವೆಟ್ ಬಳಸಿದರೆ ಉತ್ತಮ. ಒಡೆದ ಕ್ಯುವೆಟ್ ಬದಲಿಗೆ ಕೈಗೆ ಸಿಕ್ಕ ಟೆಸ್ಟ್ ಟ್ಯೂಬ್ ತುರುಕಿ ರೆಕಾರ್ಡ್ ಮುಗಿಸಿದ ಬ್ಯಾಚನ್ನು ನೋಡಿದ್ದೇನೆ. ಆ ಗ್ರಾಫ್ ಘಟ್ಟದ ರಸ್ತೆಯಂತಿತ್ತು.

6. ಸೊನ್ನೆ ಮಾಡಿ, ಅಳೆಯಿರಿ

ಬ್ಲ್ಯಾಂಕ್ ಇಟ್ಟು ಮುಚ್ಚಳ ಹಾಕಿ, ಅಬ್ಸಾರ್ಬೆನ್ಸ್ 0.00 ಬರುವಂತೆ (ಅಂದರೆ ಟ್ರಾನ್ಸ್‌ಮಿಟೆನ್ಸ್ 100) ಗುಂಡಿ ತಿರುಗಿಸಿ. ಮುಳ್ಳಿನ ಹಳೆಯ ಮೀಟರ್ ಆದರೆ ಅದಕ್ಕೂ ಮೊದಲು, ಬೆಳಕು ಮುಚ್ಚಿರುವಾಗ ಟ್ರಾನ್ಸ್‌ಮಿಟೆನ್ಸ್ 0 ತೋರಿಸುವಂತೆ ಹೊಂದಿಸಬೇಕು. ಆಮೇಲೆ ತಿಳಿಯಾದದ್ದರಿಂದ ಕಡುವಾದದ್ದರ ಕಡೆಗೆ ಅಳೆಯುತ್ತ ಹೋಗಿ. ಈ ಕ್ರಮದಲ್ಲಿ ಹಿಂದಿನ ಹನಿ ಉಳಿದಿದ್ದರೂ ನಷ್ಟ ಕಡಿಮೆ. ಪ್ರತಿಯೊಂದನ್ನೂ ಎರಡು ಸಲ ಅಳೆಯಿರಿ. ಕೊನೆಯಲ್ಲಿ ಬ್ಲ್ಯಾಂಕ್ ಮತ್ತೊಮ್ಮೆ ಇಡಿ. ಸೊನ್ನೆ ಬರದೆ 0.03 ಬಂದರೆ ನಡುವೆ ಮೀಟರ್ ಜಾರಿದೆ, ಎಲ್ಲವನ್ನೂ ಮತ್ತೆ ಅಳೆಯಬೇಕು. ಬೇಜಾರಿನ ಕೆಲಸ, ಆದರೆ ಈ ಕೊನೆಯ ಬ್ಲ್ಯಾಂಕ್ ಇಡದವರ ರೀಡಿಂಗನ್ನು ನಾನು ನಂಬುವುದಿಲ್ಲ.

7. ಗ್ರಾಫ್

ಅಡ್ಡ ಅಕ್ಷಕ್ಕೆ ತಾಮ್ರದ ಮಿ.ಗ್ರಾಂ., ಲಂಬ ಅಕ್ಷಕ್ಕೆ ಅಬ್ಸಾರ್ಬೆನ್ಸ್. ಲೆಕ್ಕದ ಅನುಕೂಲಕ್ಕೆ ರೀಡಿಂಗ್ ಹೀಗೆ ಬಂದಿವೆ ಎಂದಿಟ್ಟುಕೊಳ್ಳಿ: 0.16, 0.31, 0.47, 0.63, 0.78. ಬಿಂದುಗಳ ನಡುವೆ ಹಾಯುವ ಒಂದೇ ಸರಳ ರೇಖೆ ಎಳೆಯಿರಿ. ಬಿಂದುವಿನಿಂದ ಬಿಂದುವಿಗೆ ಗೆರೆ ಜೋಡಿಸುವುದು ಗ್ರಾಫ್ ಅಲ್ಲ, ರಂಗೋಲಿ. ಕಂಪ್ಯೂಟರಿನಲ್ಲಿ ಎಳೆಯುವವರು ರೇಖೆಯನ್ನು ಬಲವಂತವಾಗಿ ಸೊನ್ನೆಯ ಮೂಲಕ ಹಾಯಿಸಬೇಡಿ. ಅದು ತಾನಾಗಿ ಸೊನ್ನೆಯ ಹತ್ತಿರ ಬರದಿದ್ದರೆ ಬ್ಲ್ಯಾಂಕಿನಲ್ಲೋ ಕ್ಯುವೆಟ್ಟಿನಲ್ಲೋ ತಪ್ಪಿದೆ. ರೇಖೆಯನ್ನು ಬಗ್ಗಿಸಿದರೆ ಆ ಸುಳಿವೂ ಅಳಿಸಿಹೋಗುತ್ತದೆ.

ಮೇಲಿನ ತುದಿಯಲ್ಲಿ ರೇಖೆ ಬಾಗುತ್ತಿದ್ದರೆ ದ್ರಾವಣ ಅತಿ ಗಟ್ಟಿಯಾಗಿದೆ. ಯಾಕೆಂದು ಸಂಖ್ಯೆಯಲ್ಲಿ ನೋಡಿ. ಬೆಳಕು ಶೇ. 40 ಬರುವಲ್ಲಿ ಮೀಟರ್ ತಪ್ಪಿ 41 ಎಂದು ಓದಿದರೆ ಅಬ್ಸಾರ್ಬೆನ್ಸ್ 0.398ರ ಬದಲು 0.387 ಆಗುತ್ತದೆ, ಚಿಂತೆಯಿಲ್ಲ. ಶೇ. 1 ಬರುವಲ್ಲಿ ಅದೇ ತಪ್ಪಿನಿಂದ 2 ಎಂದು ಓದಿದರೆ 2.00 ಹೋಗಿ 1.70 ಆಗುತ್ತದೆ. ಅದಕ್ಕೇ 0.1ರಿಂದ 0.8ರೊಳಗೆ ಕೆಲಸ ಮಾಡಿ. ಮೀಟರ್ 2ರವರೆಗೆ ಅಂಕಿ ತೋರಿಸುತ್ತದೆ ಎಂದು ಅಲ್ಲಿಯವರೆಗೂ ಹೋಗಬೇಕಿಲ್ಲ.

8. ಲೆಕ್ಕ

ಗೊತ್ತಿಲ್ಲದ ದ್ರಾವಣಕ್ಕೆ 0.54 ಬಂತೆನ್ನಿ. ರೇಖೆಯಿಂದ ಕೆಳಗಿಳಿದರೆ ಸುಮಾರು 34.4 ಮಿ.ಗ್ರಾಂ. ಇದು ಆ 50 ಮಿ.ಲೀ. ಫ್ಲಾಸ್ಕಿನಲ್ಲಿರುವ ಒಟ್ಟು ತಾಮ್ರ. ನೀವು ಮೂಲ ದ್ರಾವಣದ 10 ಮಿ.ಲೀ. ಮಾತ್ರ ಹಾಕಿದ್ದರೆ ಆ ಅಷ್ಟೂ ತಾಮ್ರ ಬಂದದ್ದು 10 ಮಿ.ಲೀ.ಯಿಂದ, ಹಾಗಾಗಿ ಮೂಲದಲ್ಲಿ ಪ್ರತಿ ಮಿ.ಲೀ.ಗೆ 3.44 ಮಿ.ಗ್ರಾಂ. ಇಲ್ಲಿ 50ರಿಂದ ಭಾಗಿಸಿ ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ರೀಡಿಂಗ್ ಕೊನೆಯ ಸ್ಟ್ಯಾಂಡರ್ಡ್‌ಗಿಂತ ಮೇಲೆ ಹೋದರೆ ರೇಖೆಯನ್ನು ಉದ್ದ ಮಾಡಿ ಓದಬೇಡಿ. ಬಣ್ಣ ಬಂದ ಫ್ಲಾಸ್ಕಿಗೆ ನೀರು ಸುರಿಯುವುದೂ ಬೇಡ, ಅಮೋನಿಯಾ ಪ್ರಮಾಣ ಬದಲಾಗುತ್ತದೆ. ಮೂಲ ದ್ರಾವಣವನ್ನೇ ಕಡಿಮೆ ತೆಗೆದುಕೊಂಡು ಹೊಸ ಫ್ಲಾಸ್ಕಿನಲ್ಲಿ ಮತ್ತೆ ಮಾಡಿ.

ಮುಗಿದ ಮೇಲೆ ತಾಮ್ರದ ದ್ರಾವಣವನ್ನು ಸಿಂಕಿಗೆ ಸುರಿಯದೆ ಬೇರೆ ಕ್ಯಾನಿನಲ್ಲಿ ಕೂಡಿಡಿ, ಅದು ಮೀನಿಗೂ ಪಾಚಿಗೂ ವಿಷ. ಕ್ಯುವೆಟ್ ತೊಳೆಯಲು ಬ್ರಷ್ ಬೇಡ, ಗೀರು ಬೀಳುತ್ತದೆ. ಪ್ಲಾಸ್ಟಿಕ್ಕಿನದಾದರೆ ಅಸಿಟೋನ್ ತಾಗಿಸಬೇಡಿ. ತೊಳೆದು ಬೋರಲು ಹಾಕಿ ತಾನಾಗಿ ಒಣಗಲು ಬಿಡಿ.

ಇನ್ನು ಊರಿನ ನೀರಿಗೆ

ತಾಮ್ರದಲ್ಲಿ ಕೈ ಪಳಗಿದ ಮೇಲೆ ಬೇರೆ ಪರೀಕ್ಷೆಗಳಲ್ಲಿ ಬದಲಾಗುವುದು ರೀಏಜೆಂಟ್ ಮತ್ತು ಫಿಲ್ಟರ್ ಮಾತ್ರ. ರಕ್ತದ ಹಿಮೋಗ್ಲೋಬಿನ್‌ಗೆ ಡ್ರ್ಯಾಬ್ಕಿನ್ ದ್ರಾವಣ, 540. ನೀರಿನ ಕಬ್ಬಿಣಕ್ಕೆ ಫಿನಾಂತ್ರೋಲಿನ್, ಕಿತ್ತಳೆಗೆಂಪು ಬಣ್ಣ, 510. ಫ್ಲೋರೈಡ್ ಒಂದನ್ನು ಮಾತ್ರ ಬೇರೆಯಾಗಿ ಹೇಳಬೇಕು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಕೇಳುವುದೂ ಅದನ್ನೇ.

ಫ್ಲೋರೈಡ್‌ಗೆ ಬಳಸುವುದು ಸ್ಪ್ಯಾಡ್ನ್ಸ್ ಎಂಬ ಕೆಂಪು ಬಣ್ಣದ್ರವ್ಯ, ಜಿರ್ಕೋನಿಯಂ ಜೊತೆ ಕಟ್ಟಿಕೊಂಡದ್ದು. ಓದುವುದು 570ರಲ್ಲಿ. ಫ್ಲೋರೈಡ್ ಬಂದು ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುತ್ತದೆ, ಬಣ್ಣ ತಿಳಿಯಾಗುತ್ತದೆ. ಅಂದರೆ ಇಲ್ಲಿ ಎಲ್ಲ ತಿರುವುಮುರುವು: ಫ್ಲೋರೈಡ್ ಹೆಚ್ಚಿದಷ್ಟೂ ಅಬ್ಸಾರ್ಬೆನ್ಸ್ ಕಡಿಮೆ, ಗ್ರಾಫ್ ಇಳಿಜಾರು. ಇಳಿಯುವ ಗ್ರಾಫ್ ನೋಡಿ ಗಾಬರಿಯಾಗಿ ಟ್ಯೂಬ್‌ಗಳ ಲೇಬಲ್ ಅದಲುಬದಲು ಮಾಡಬೇಡಿ. ಫ್ಲೋರೈಡ್ ಇಲ್ಲದ ನೀರಿನದ್ದೇ ಇಲ್ಲಿ ಅತಿ ಹೆಚ್ಚಿನ ರೀಡಿಂಗ್. ಸೊನ್ನೆ ಮಾಡಲು ಬೇರೆಯೇ ರೆಫರೆನ್ಸ್ ದ್ರಾವಣ ಇರುತ್ತದೆ, ವಿಧಾನದ ಹಾಳೆಯಲ್ಲಿ ಹೇಳಿದಂತೆ ಮಾಡಿಕೊಳ್ಳಿ. ನೀರಿನ ಮಾದರಿ ಮತ್ತು ಸ್ಟ್ಯಾಂಡರ್ಡ್ ಎರಡೂ ಒಂದೇ ಉಷ್ಣತೆಗೆ ಬಂದಿರಬೇಕು. ಈಗಷ್ಟೇ ಬೋರ್‌ವೆಲ್‌ನಿಂದ ತಂದ ಬೆಚ್ಚಗಿನ ನೀರನ್ನು ಹಾಗೇ ಅಳೆಯಬೇಡಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಕ್ಲೋರಿನ್ ಕೂಡ ಬಣ್ಣ ಕಳೆದು ಫ್ಲೋರೈಡ್‌ನಂತೆ ತೋರುತ್ತದೆ, ಅದನ್ನು ಮೊದಲು ತೆಗೆಯಬೇಕು. ಲೀಟರಿಗೆ 1.4 ಮಿ.ಗ್ರಾಂ. ದಾಟಿದರೆ ಈ ವಿಧಾನ ನಂಬಿಕೆಗೆ ಸಾಲದು, ನೀರನ್ನು ಡಿಸ್ಟಿಲ್ಡ್ ವಾಟರ್ ಬೆರೆಸಿ ತೆಳು ಮಾಡಿ ಮತ್ತೆ ಅಳೆದು, ಎಷ್ಟು ಪಟ್ಟು ತೆಳು ಮಾಡಿದಿರೋ ಅಷ್ಟರಿಂದ ಗುಣಿಸಿ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನಿಮ್ಮ ಅಳತೆ ಈ ಎರಡರ ನಡುವೆಯೋ ಮೇಲೆಯೋ ಬಂದರೆ, ಅದನ್ನೇ ಕೊನೆಯ ಮಾತಾಗಿಸಿ ಊರಿಗೆಲ್ಲ ಸಾರದೆ, ಅದೇ ನೀರಿನ ಇನ್ನೊಂದು ಮಾದರಿಯನ್ನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ತಾಳೆ ನೋಡಿ. ಕೊಂಡೊಯ್ಯಲು ಗಾಜಿನ ಬಾಟಲಿಗಿಂತ ಪ್ಲಾಸ್ಟಿಕ್ಕಿನದು ಒಳ್ಳೆಯದು. ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಬಾಯಿಯವರೆಗೆ ತುಂಬಿ, ಯಾವ ಬೋರ್‌ವೆಲ್, ಯಾವ ದಿನ ಎಂದು ಬಾಟಲಿಯ ಮೈಮೇಲೇ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳಗಳು ಅದಲುಬದಲಾಗುತ್ತವೆ.